ಬೆಂಡಿನ ಗದೆಯ ನ್ಯಾಯ

ತೆಂಗಿನ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ನಾಟಕದ ಕಾಲ ಬಂತೆಂದೇ ಅರ್ಥ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಯಾವುದೇ ಊರ ಮುಂದಿನ ಬಯಲಿನಿಂದ ರಾತ್ರಿ ಹತ್ತರ ಮೇಲೆ ಹಾರ್ಮೋನಿಯಂ ಸದ್ದು ಕೇಳಿಸಿದರೆ ಅಲ್ಲಿ ‘ಕುರುಕ್ಷೇತ್ರ’ವೇ ನಡೆಯುತ್ತಿರಬೇಕೆಂದು ಕಣ್ಣು ಮುಚ್ಚಿ ಹೇಳಬಹುದು. ಈ ನಾಟಕಗಳ ಹಾಡುಗಾರಿಕೆಯ ಬಗ್ಗೆ ಬರೆದವರಿದ್ದಾರೆ. ಬಾಡಿಗೆ ಸೀನರಿಯ ಬಗ್ಗೆ, ನಾಟಕದ ಮೇಷ್ಟ್ರುಗಳ ಬಗ್ಗೆ ಬರೆದವರಿದ್ದಾರೆ. ಆದರೆ ಹೆಸರಿನಲ್ಲೇ ರಣಭೂಮಿಯನ್ನು ಹೊತ್ತ ಈ ನಾಟಕದಲ್ಲಿ ಹೊಡೆದಾಟ ಹೇಗೆ ನಡೆಯುತ್ತದೆ, ಆಯುಧ ಹಿಡಿದವನು ಅದನ್ನು ಏನು ಮಾಡುತ್ತಾನೆ, ಸೋಲುವವನಿಗೆ ಏನು ಸಿಗುತ್ತದೆ ಎಂಬುದರ ಕುರಿತು ನನ್ನ ಓದಿಗೆ ಸಿಕ್ಕಿದ್ದು ಬಹಳ ಕಡಿಮೆ. ಇದೊಂದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ ಎನ್ನುವುದು ನನ್ನ ಅನಿಸಿಕೆ.

ವೇಷ ಹಾಕಿ ಆಡುವ ಯಾವ ಕಾಳಗದ ಮೇಲೂ ಎರಡು ಒತ್ತಾಯಗಳಿರುತ್ತವೆ. ಒಂದು, ಅದು ನಿಜದ ಹಾಗೆ ಕಾಣಬೇಕು. ಇನ್ನೊಂದು, ಅದು ನ್ಯಾಯವಾಗಿರಬೇಕು. ಇವೆರಡೂ ಒಂದೇ ಮನೆಯಲ್ಲಿ ಬಾಳುವ ಸವತಿಯರಿದ್ದ ಹಾಗೆ. ಕಬ್ಬಿಣದ ನಿಜವೇನು ಎಂದು ನಮ್ಮ ಕಡೆಯ ಪ್ರೇಕ್ಷಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನವೂ ಮಚ್ಚು ಹಿಡಿದು ಎಳನೀರು ಕೆತ್ತುವ, ನೆಲಕ್ಕೆ ಹೂತ ಕಬ್ಬಿಣದ ಮೊನೆಗೆ ಕಾಯಿ ಕುಟ್ಟಿ ಸಿಪ್ಪೆ ಸುಲಿಯುವ ಕೈಗಳು ಅವು. ಒಂದು ಏಟು ತಪ್ಪಿದರೆ ಬೆರಳು ಉಳಿಯುವುದಿಲ್ಲವೆಂದು ಅವಕ್ಕೆ ಗೊತ್ತು. ನಿಜವಾದ ಕಾಳಗದಲ್ಲಿ ಬಲಶಾಲಿ ದುರ್ಬಲನನ್ನು ಹೊಡೆಯುತ್ತಾನೆ, ಹತ್ತು ಜನ ಒಬ್ಬನನ್ನು ಹೊಡೆಯುತ್ತಾರೆ, ಬಹಳಷ್ಟು ಸಲ ಮೊದಲ ಏಟಿಗೇ ಎಲ್ಲ ಮುಗಿಯುತ್ತದೆ. ಆ ನಿಜವನ್ನೇ ರಂಗಕ್ಕೆ ತಂದರೆ ಬೆಳಗಿನ ಜಾವದವರೆಗೆ ನಡೆಯಬೇಕಾದ ನಾಟಕ ಹನ್ನೊಂದಕ್ಕೇ ಮುಗಿದುಹೋಗುತ್ತದೆ. ಇನ್ನು ನ್ಯಾಯದ ಮಾತೆಂದರೆ, ಬಣ್ಣ ಹಚ್ಚಿದ ಪ್ರತಿಯೊಬ್ಬನಿಗೂ ತನ್ನ ಪಾಲಿನ ಹಾಡು, ತನ್ನ ಪಾಲಿನ ವೀರಾವೇಶ ಸಿಗಬೇಕು. ಅದನ್ನೇ ಪಟ್ಟಾಗಿ ಹಿಡಿದರೆ ಯಾರೂ ಸಾಯುವುದೇ ಇಲ್ಲ.

ನಮ್ಮ ಹಳ್ಳಿಯ ರಂಗದಲ್ಲಿ ಈ ನ್ಯಾಯಕ್ಕೆ ಇನ್ನೊಂದು ಮುಖವಿದೆ, ಅದು ದುಡ್ಡಿನದು. ಪಾತ್ರಗಳಿಗೆ ದರವಿದೆ. ಕೃಷ್ಣನದೂ ದುರ್ಯೋಧನನದೂ ಎತ್ತರದ ದರ, ನಕುಲ ಸಹದೇವರದು ಕೈಗೆಟುಕುವ ದರ. ಒಬ್ಬನ ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಅಥವಾ ಒಂದೇ ಪಾತ್ರದ ಮೇಲೆ ಇಬ್ಬರಿಗೆ ಆಸೆಯಿದ್ದರೆ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಹಂಚಿಕೊಳ್ಳುತ್ತಾರೆ. ಹಾಗಾಗಿ ತುಂಬಿದ ಸಭೆಯಲ್ಲಿ ತೊಡೆ ತಟ್ಟುವವನು ಒಬ್ಬ, ಕೊನೆಗೆ ತೊಡೆ ಮುರಿಸಿಕೊಳ್ಳುವವನು ಮತ್ತೊಬ್ಬ. ಅಪರಾಧ ಮಾಡಿದವನು ಗ್ರೀನ್ ರೂಮಿನಲ್ಲಿ ಬಣ್ಣ ತೊಳೆದು ಟೀ ಕುಡಿಯುತ್ತಿರುವಾಗ ಏನೂ ಮಾಡದವನು ಶಿಕ್ಷೆ ಅನುಭವಿಸುತ್ತಾನೆ! ನಗುವ ವಿಷಯವಾದರೂ ಇದರಲ್ಲಿ ಒಂದು ತಿಳಿವಳಿಕೆಯಿದೆ. ಹಣ ಕೊಟ್ಟವನಿಗೆ ಗೆಲುವನ್ನು ಮಾರುವುದಿಲ್ಲ. ಎಷ್ಟೇ ದೊಡ್ಡ ಮೊತ್ತ ಕೊಟ್ಟರೂ ದುರ್ಯೋಧನ ಸೋಲಲೇಬೇಕು. ಅವನು ಕೊಂಡುಕೊಂಡದ್ದು ಸೋಲುವ ಮುಂಚಿನ ಹಾಡುಗಳನ್ನು. ಇವತ್ತಿನ ಎಷ್ಟೋ ಮೊಬೈಲ್ ಆಟಗಳಿಗೆ ಈ ಮರ್ಯಾದೆ ಇಲ್ಲ. ಅಲ್ಲಿ ದುಡ್ಡು ಸುರಿದವನ ಕತ್ತಿಯೇ ಹರಿತ.

ಈ ಪ್ರಶ್ನೆಯನ್ನು ಹಳ್ಳಿಯ ಮೇಷ್ಟ್ರುಗಳು ಹೊಸದಾಗಿ ಹುಟ್ಟುಹಾಕಿದ್ದಲ್ಲ. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧ ಶುರುವಾಗುವ ಮುಂಚೆ ಎರಡೂ ಕಡೆಯವರು ಕೂತು ನಿಯಮ ಕಟ್ಟುತ್ತಾರೆ. ರಥಿಕನೊಡನೆ ರಥಿಕ, ಆನೆಯವನೊಡನೆ ಆನೆಯವ, ಕುದುರೆಯವನೊಡನೆ ಕುದುರೆಯವ, ಕಾಲಾಳಿನೊಡನೆ ಕಾಲಾಳು. ಇನ್ನೊಬ್ಬನೊಡನೆ ಕಾದುತ್ತಿರುವವನನ್ನು ಹೊಡೆಯಬಾರದು, ಬೆನ್ನು ತಿರುಗಿಸಿದವನನ್ನು, ಆಯುಧ ಕಳೆದುಕೊಂಡವನನ್ನು ಹೊಡೆಯಬಾರದು. ಸಾರಥಿಯನ್ನು, ಭೇರಿ ಶಂಖ ನುಡಿಸುವವನನ್ನು ಮುಟ್ಟಬಾರದು. ಗರಡಿಯಲ್ಲಿ ಉಸ್ತಾದರು ಮೈತೂಕ ನೋಡಿ ಜೋಡಿ ಕಟ್ಟುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆಟಕ್ಕೆ ಇರಬೇಕಾದ ನಿಯಮಗಳೆಲ್ಲ ಇಲ್ಲಿವೆ. ಆಮೇಲಿನ ಹದಿನೆಂಟು ದಿನಗಳ ಕಥೆಯೆಂದರೆ ಆ ನಿಯಮಗಳು ಒಂದೊಂದಾಗಿ ಮುರಿದುಬೀಳುವ ಕಥೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು, ಅನೇಕರು ಸುತ್ತುವರಿದು ಅಭಿಮನ್ಯುವನ್ನು, ಸುಳ್ಳಿನ ನೆರವಿನಿಂದ ದ್ರೋಣನನ್ನು, ರಥದ ಗಾಲಿ ಹೂತಿದ್ದಾಗ ಕರ್ಣನನ್ನು ಕೆಡವಿದ್ದಾಯಿತು. ಕೊನೆಗೆ ಉಳಿದದ್ದು ಒಂದೇ ನಿಯಮ: ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು.

ಆ ಕೊನೆಯ ಕಾಳಗದ ಮುಂಚೆ ನಡೆಯುವ ಮಾತುಕತೆಯನ್ನು ನಮ್ಮ ನಾಟಕಗಳು ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಅದೇ ಇಡೀ ಪರ್ವದ ಅತ್ಯಂತ ಸ್ವಾರಸ್ಯದ ಭಾಗ. ಕೊಳದಿಂದ ಎದ್ದುಬಂದ ದುರ್ಯೋಧನನಿಗೆ ಧರ್ಮರಾಯ, ನಮ್ಮಲ್ಲಿ ಒಬ್ಬನನ್ನು ಸೋಲಿಸಿದರೂ ರಾಜ್ಯ ನಿನ್ನದೇ ಎಂದುಬಿಡುತ್ತಾನೆ. ಕೃಷ್ಣನಿಗೆ ಸಿಟ್ಟು ಬರುತ್ತದೆ. ಇದು ಮತ್ತೆ ಜೂಜಾಡಿದ ಹಾಗಾಯಿತು, ಅವನು ನಕುಲನನ್ನೋ ಸಹದೇವನನ್ನೋ ಕರೆದಿದ್ದರೆ ಏನು ಗತಿ ಎನ್ನುವುದು ಅವನ ಆಕ್ಷೇಪ. ದುರ್ಯೋಧನ ಹಾಗೆ ಕರೆಯಲಿಲ್ಲ. ರಾಜ್ಯಕ್ಕಿಂತ ಸಮಜೋಡಿ ದೊಡ್ಡದೆಂದು ಅವನಿಗೆ ಕಂಡಿರಬೇಕು. ಭೀಮನಿಗೆ ಬಲವಿದೆ, ದುರ್ಯೋಧನನಿಗೆ ಪಳಗಿದ ಕೈಯಿದೆ, ಬಲಕ್ಕಿಂತ ಪಳಗಿದ ಕೈಯೇ ಮೇಲು, ಆದ್ದರಿಂದ ನ್ಯಾಯವಾಗಿ ಹೋರಾಡಿದರೆ ಭೀಮ ಗೆಲ್ಲಲಾರ ಎಂದು ಕೃಷ್ಣ ಲೆಕ್ಕ ಹಾಕುತ್ತಾನೆ. ದುರ್ಯೋಧನ ಭೀಮನದೊಂದು ಕಬ್ಬಿಣದ ಪ್ರತಿಮೆ ಮಾಡಿಸಿಟ್ಟುಕೊಂಡು ಹದಿಮೂರು ವರ್ಷ ಅದರ ಮೇಲೆ ಗದೆ ಬೀಸಿ ಅಭ್ಯಾಸ ಮಾಡಿದ್ದನಂತೆ. ತಾಲೀಮಿನ ಮಾತೆಂದರೆ ಇದು! ಆಯುಧದ ವಾಸ್ತವವನ್ನು ವ್ಯಾಸರು ಇಟ್ಟಿರುವುದು ಗಾಯದಲ್ಲಿ ಅಲ್ಲ, ಆ ಹದಿಮೂರು ವರ್ಷಗಳಲ್ಲಿ. ರಕ್ತ ತೋರಿಸುವುದೇ ವಾಸ್ತವ ಎಂದುಕೊಂಡವರು ಈ ಜಾಗವನ್ನು ಇನ್ನೊಮ್ಮೆ ಓದಬೇಕು.

ಕನ್ನಡದಲ್ಲಿ ಈ ಸೋಲಿಗೆ ಘನತೆ ಕೊಟ್ಟವನು ಮುಧೋಳದ ಬಳೆಗಾರರ ಮನೆಯ ಮಗ ರನ್ನ. ಅವನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯ. ಆ ದೊರೆಯನ್ನು ಭೀಮನಿಗೆ ಸಮೀಕರಿಸಿ ಬರೆಯಬೇಕಾಗಿತ್ತು, ಆದ್ದರಿಂದಲೇ ‘ಗದಾಯುದ್ಧ’ಕ್ಕೆ ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರು. ಗೆಲ್ಲುವವನು ಯಾರೆಂದು ಕಾವ್ಯದ ಹೆಸರಿನಲ್ಲೇ ತೀರ್ಮಾನವಾಗಿದೆ. ಅಂಥ ಕಟ್ಟಿನೊಳಗೆ ಇದ್ದುಕೊಂಡೇ ರನ್ನ ದುರ್ಯೋಧನನನ್ನು ಸತ್ತ ಬಂಧುಗಳ ನಡುವೆ ರಣಭೂಮಿಯಲ್ಲಿ ನಡೆಸುತ್ತಾನೆ, ಒಬ್ಬೊಬ್ಬರ ಮುಂದೆ ನಿಲ್ಲಿಸುತ್ತಾನೆ, ಅಳಿಸುತ್ತಾನೆ. ಗೆಲುವು ಭೀಮನಿಗೆ ಹೋಯಿತು, ಓದುಗರ ಮನಸ್ಸು ದುರ್ಯೋಧನನ ಕಡೆ ಹೋಯಿತು. ಕವಿ ಫಲಿತಾಂಶ ಬದಲಿಸದೆ ನ್ಯಾಯ ಹಂಚಿದ ರೀತಿ ಇದು.

ಆ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿದ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ನಮ್ಮ ಕಡೆಯವರು ‘ಇಂಗ್ಲಿಷ್ ಗೀತಗಳು’ ಬರೆದವರು ನಮ್ಮವರು ಎಂದು ಹೇಳಿಕೊಳ್ಳುತ್ತಾರೆ, ಅವರ ನಾಟಕಗಳನ್ನು ಮರೆಯುತ್ತಾರೆ. 1926ರ ‘ಗದಾಯುದ್ಧ ನಾಟಕಂ’, 1929ರ ‘ಅಶ್ವತ್ಥಾಮನ್’, 1935ರ ‘ಪಾರಸಿಕರು’, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂರೂ ಆಯುಧ ಹಿಡಿದು ಸೋತವರ ಕಥೆಗಳು. ‘ಅಶ್ವತ್ಥಾಮನ್’ ಸೊಫೊಕ್ಲೀಸನ ‘ಏಜಾಕ್ಸ್’ ಆಧರಿಸಿದ್ದು. ‘ಪಾರಸಿಕರು’ ಈಸ್ಕಿಲಸನದು. ಈಸ್ಕಿಲಸ್ ಸ್ವತಃ ಮ್ಯಾರಥಾನ್ ರಣರಂಗದಲ್ಲಿ ಪಾರಸಿಕರ ವಿರುದ್ಧ ಕತ್ತಿ ಹಿಡಿದು ಹೋರಾಡಿದವನು. ಅಂಥವನು ನಾಟಕ ಬರೆಯುವಾಗ ರಂಗವನ್ನು ಪಾರಸಿಕರ ಅರಮನೆಯಲ್ಲಿ ಇಟ್ಟ, ಸೋತವರ ತಾಯಿಯನ್ನು ಮಾತಾಡಿಸಿದ. ಒಂದು ಕತ್ತಿಯೂ ರಂಗದ ಮೇಲೆ ಬರುವುದಿಲ್ಲ. ದೂತ ಬಂದು ಯುದ್ಧ ಹೇಗೆ ನಡೆಯಿತೆಂದು ಹೇಳುತ್ತಾನೆ ಅಷ್ಟೆ. ಸಾವನ್ನು ಕಣ್ಣೆದುರು ತೋರಿಸಬೇಡಿ ಎಂದು ನಮ್ಮ ನಾಟ್ಯಶಾಸ್ತ್ರದ ಪರಂಪರೆಯೂ ಹೇಳಿದೆ. ಅಂಥ ವಿಚಾರಗಳನ್ನೆಲ್ಲ ಕನ್ನಡದ ಓದುಗನಿಗೆ ತಿಳಿಯಾಗಿ ಬಿಡಿಸಿಕೊಟ್ಟ ‘ಭಾರತೀಯ ಕಾವ್ಯಮೀಮಾಂಸೆ’ಯ ತೀ.ನಂ. ಶ್ರೀಕಂಠಯ್ಯನವರ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಇಬ್ಬರು ಶ್ರೀಕಂಠಯ್ಯನವರೂ ಈ ತೆಂಗಿನ ತೋಟಗಳ ನಡುವಿನವರೇ ಎನ್ನುವುದು ಆಕಸ್ಮಿಕ. ಆದರೆ ನನ್ನ ಪ್ರಶ್ನೆಗೆ ಉತ್ತರ ಹುಡುಕಲು ಹೊರಗೆ ಹೋಗಬೇಕಾಗಿಲ್ಲವೆಂಬ ಧೈರ್ಯ ಅದರಿಂದ ಬರುತ್ತದೆ.

ಪುಸ್ತಕದ ಮಾತು ಬಿಟ್ಟು ಬಯಲಿಗೆ ಬಂದರೆ, ಕಂಪನಿ ನಾಟಕಕ್ಕಿಂತ ಹಳೆಯ ಮೂಡಲಪಾಯ ಯಕ್ಷಗಾನ ಸಿಗುತ್ತದೆ. ಜೀ.ಶಂ. ಪರಮಶಿವಯ್ಯನವರು ಅಧ್ಯಯನ ಮಾಡಿ ವಿದ್ವತ್ ಲೋಕದ ಗಮನ ಸೆಳೆದ ಈ ಆಟ ತಿಪಟೂರು ಕಡೆಯ ಕೊನೇಹಳ್ಳಿಯಂಥ ಊರುಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಇಲ್ಲಿ ವೇಷ ಹಾಕುವವರು ರೈತರು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳೆಲ್ಲ ಮರದವು, ಮೇಲೆ ಬೇಗಡೆ. ಅಷ್ಟು ಭಾರ ಹೊತ್ತು, ಮುಖವೀಣೆ ಮದ್ದಳೆಗಳ ಗತ್ತಿಗೆ ಕುಣಿಯುತ್ತಾ ಕತ್ತಿ ಬೀಸಬೇಕು. ಇಲ್ಲಿ ಕಾಳಗವೆಂದರೆ ಮುಖ್ಯವಾಗಿ ಕುಣಿತ ಮತ್ತು ಪದ. ಒಬ್ಬ ಪದಕ್ಕೆ ಹೆಜ್ಜೆ ಹಾಕಿ ಮಾತು ಎಸೆಯುತ್ತಾನೆ, ಇನ್ನೊಬ್ಬ ಅದನ್ನು ಎತ್ತಿಕೊಂಡು ತಿರುಗಿ ಎಸೆಯುತ್ತಾನೆ. ಕತ್ತಿಗಳು ಕೂಡುವುದು ಪದ ಮುಗಿದ ಮೇಲೆ, ತಾಳದ ಏಟಿಗೆ.

ಇಲ್ಲಿ ನಾನು ಗಮನಿಸಿರುವುದು ಭಾಗವತನ ಕಣ್ಣನ್ನು. ಅರ್ಜುನನ ವೇಷದವನು ಇಪ್ಪತ್ತೈದರ ಹುಡುಗ, ಎದುರಿನವನು ಅರವತ್ತು ದಾಟಿದ ಹಿರಿಯ ಎಂದಿಟ್ಟುಕೊಳ್ಳಿ. ಹಿರಿಯನ ಉಸಿರು ಮೇಲೆ ಕೆಳಗೆ ಆಗುವುದು ಭಾಗವತನಿಗೆ ಮೊದಲು ಗೊತ್ತಾಗುತ್ತದೆ. ಅವನು ಪದವನ್ನು ಇನ್ನೊಂದು ಸಲ ಎತ್ತಿಕೊಂಡು ಹಾಡುತ್ತಾನೆ, ಹಿಮ್ಮೇಳ ಸೇರಿಕೊಳ್ಳುತ್ತದೆ, ಅಷ್ಟರಲ್ಲಿ ಹಿರಿಯ ದಮ್ಮು ತೆಗೆದುಕೊಳ್ಳುತ್ತಾನೆ. ಹುಡುಗ ಹೆಚ್ಚು ಹಾರಾಡಿದರೆ ತಾಳ ಬಿಗಿಯಾಗುತ್ತದೆ. ಯಾವ ನಿಯಮದ ಪುಸ್ತಕದಲ್ಲೂ ಬರೆಯದ ಈ ತೂಕ ಹಿಡಿಯುವ ಕೆಲಸ ಭಾಗವತನದು. ಸೋಲಬೇಕಾದವನು ಸೋಲುತ್ತಾನೆ, ಆದರೆ ಉಸಿರುಗಟ್ಟಿ ಸೋಲುವುದಿಲ್ಲ.

ಕಂಪನಿ ನಾಟಕಗಳು ಬಂದು ಈ ತೂಕವನ್ನು ಬೇರೆ ಕಡೆ ವಾಲಿಸಿದವು. ನಮ್ಮದೇ ಜಿಲ್ಲೆಯ ಗುಬ್ಬಿ ವೀರಣ್ಣನವರು 1930ರ ದಶಕದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಜನ ಬೆರಗಾದರು, ಬೆರಗಾಗಬೇಕಾದದ್ದೇ. ಆದರೆ ಆನೆ ಎಷ್ಟು ನಿಜವಾಗಿದ್ದರೂ ಅದು ರಂಗದ ಮೇಲೆ ಯಾರನ್ನೂ ತುಳಿಯುವ ಹಾಗಿರಲಿಲ್ಲ. ವಾಸ್ತವ ಅಲ್ಲಿ ಅಲಂಕಾರವಾಗಿ ಬಂತು, ಪರಿಣಾಮವಾಗಿ ಬರಲಿಲ್ಲ.

ಇದೇ ಸೀಮೆಯಲ್ಲಿ ಮುಸ್ಲಿಮರು, ಮುಸ್ಲಿಮೇತರರು ಕೂಡಿ ಆಚರಿಸುವ ಬಾಬಯ್ಯನ ಹಬ್ಬದಲ್ಲಿ ಆಯುಧದ ಇನ್ನೊಂದು ಶಾಲೆಯಿತ್ತು. ಮೊಹರಂ ಮೆರವಣಿಗೆಯಲ್ಲಿ ತಾಲೀಮಿನ ಹುಡುಗರು ದೊಣ್ಣೆವರಸೆ, ಕತ್ತಿವರಸೆ ತೋರಿಸುತ್ತಿದ್ದರು. ಹರಿತವಾದ ಕತ್ತಿ ಬೀಸುವಾಗ ಒಬ್ಬನೇ ಬೀಸಬೇಕು, ಇಲ್ಲವೇ ನಿಂಬೆಹಣ್ಣು ಕತ್ತರಿಸಿ ತೋರಿಸಬೇಕು. ಜೋಡಿಯಾಗಿ ಆಡುವಾಗ ಕೈಗೆ ಬರುವುದು ಕೋಲು ಮತ್ತು ಗುರಾಣಿ. ಎದುರಾಳಿಯ ಮೈ ಮುಟ್ಟಿದರೆ ಸಾಕು, ಹೊಡೆಯಬಾರದು. ಆಟ ಶುರುವಾಗುವಾಗಲೂ ಮುಗಿದಾಗಲೂ ಇಬ್ಬರೂ ಉಸ್ತಾದರಿಗೆ ಸಲಾಂ ಮಾಡಬೇಕು. ನಿಜ ಒಂದು ಕಡೆ, ನ್ಯಾಯ ಒಂದು ಕಡೆ ಎಂದು ಬೇರ್ಪಡಿಸಿದ್ದರು. ಜಾಣತನದ ಏರ್ಪಾಡು.

ಉರ್ದು ಶಾಲೆಯಲ್ಲಿ ಓದಿದವರಿಗೆ ಮೊಹರಂ ಎಂದರೆ ಮೀರ್ ಅನೀಸರ ಮರ್ಸಿಯಾಗಳೂ ನೆನಪಾಗುತ್ತವೆ. ಅನೀಸ್ ಲಖನೌದಲ್ಲಿ ಬಾಳಿ 1874ರಲ್ಲಿ ತೀರಿಕೊಂಡ ಕವಿ. ಕರ್ಬಲಾ ಎಂದರೆ ಸಮಜೋಡಿ ಇಲ್ಲದ ಯುದ್ಧ. ಒಂದು ಕಡೆ ಎಪ್ಪತ್ತೆರಡು ಜನ ನೀರಿಲ್ಲದೆ ಬಾಯಾರಿ ನಿಂತವರು, ಇನ್ನೊಂದು ಕಡೆ ಸಾವಿರಾರು ಜನರ ಸೈನ್ಯ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಹತ್ಯಾಕಾಂಡದ ವರದಿಯಾಗುತ್ತದೆ. ಮರ್ಸಿಯಾದ ಕಟ್ಟು ಇದಕ್ಕೊಂದು ದಾರಿ ಕಂಡುಕೊಂಡಿದೆ. ಒಬ್ಬೊಬ್ಬ ವೀರನೂ ಮನೆಯವರಿಂದ ಬೀಳ್ಕೊಂಡು ಒಂಟಿಯಾಗಿ ರಣಕ್ಕೆ ಬರುತ್ತಾನೆ. ಬಂದವನು ಮೊದಲು ರಜಜ್ ಹೇಳುತ್ತಾನೆ, ಎಂದರೆ ತಾನು ಯಾರ ಮಗ, ಯಾವ ವಂಶ, ಯಾವುದಕ್ಕಾಗಿ ನಿಂತಿದ್ದೇನೆ ಎನ್ನುತ್ತಾನೆ. ಆಮೇಲೆ ಕಾಳಗ, ಆಮೇಲೆ ಸಾವು, ಕೊನೆಗೆ ಹೆಂಗಸರ ಗೋಳು. ಮೂಡಲಪಾಯದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ತಮ್ಮ ನಾಮಾಂಕಿತವೇನು ಎಂದು ಕೇಳುವುದಿಲ್ಲವೇ, ಆ ಪ್ರಶ್ನೆಗೆ ವೀರ ತನ್ನ ಪ್ರವರ ಒಪ್ಪಿಸುವುದಿಲ್ಲವೇ, ಅದೂ ರಜಜ್ಜೇ. ತುಮಕೂರು ಸೀಮೆಯ ರೈತನಿಗೂ ಲಖನೌದ ಕವಿಗೂ ಹೊಳೆದದ್ದು ಒಂದೇ: ಸಾಯುವವನಿಗೆ ಮೊದಲು ಹೆಸರು ಹೇಳಲು ಬಿಡಬೇಕು.

ಅನೀಸರ ಕಾಳಗಗಳಲ್ಲಿ ಬಿಡಿ ಬಿಡಿಯಾಗಿ ಗೆಲ್ಲುವವರು ಹುಸೇನರ ಕಡೆಯವರೇ. ಹಾಗೆ ಗೆಲ್ಲುವಾಗ ಎದುರಾಳಿಯನ್ನು ಕವಿ ಪುಡಿಯಾಗಿಸುವುದಿಲ್ಲ. ಹುಡುಗ ಕಾಸಿಮನೆದುರು ಬರುವ ಅಜ್ರಖ್ ಶಾಮಿ ಹೆಸರಾಂತ ಜಟ್ಟಿ, ಗುಡ್ಡದಂಥ ಆಳು. ಅಷ್ಟೆಲ್ಲ ಗೆದ್ದರೂ ನೀರಿಗೆ ಹೋದ ಅಬ್ಬಾಸರ ಕೈಗಳು ಕತ್ತರಿಸಿ ಬೀಳುತ್ತವೆ, ಚರ್ಮದ ಚೀಲದ ನೀರು ಮಣ್ಣು ಪಾಲಾಗುತ್ತದೆ. ಪ್ರತಿಯೊಂದು ಜೋಡಿ ಕಾಳಗವೂ ನ್ಯಾಯದ್ದು, ಒಟ್ಟು ಯುದ್ಧ ಅನ್ಯಾಯದ್ದು. ಕೇಳುಗ ಅಳುವುದು ಈ ಎರಡರ ನಡುವಿನ ಬಿರುಕಿನಲ್ಲಿ.

ಇದನ್ನೆಲ್ಲ ಇಷ್ಟು ಬಿಡಿಸಿ ಯೋಚಿಸಲು ನನಗೆ ಕಾರಣವಾದದ್ದು, ಹೇಳಿದರೆ ನಗುತ್ತೀರಿ, ಒಂದು ಅಮೆರಿಕನ್ ಆಟ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ರಜೆಗೆ ಬಂದಾಗ ಹಲವು ಮುಖದ ದಾಳಗಳನ್ನು ತಂದಿದ್ದ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಅದರ ಹೆಸರು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ಆಟ. ನಾಲ್ಕಾರು ಜನ ಸುತ್ತ ಕೂತು ಒಬ್ಬೊಬ್ಬರೂ ಒಂದು ಪಾತ್ರ ವಹಿಸಿಕೊಳ್ಳುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಅವನನ್ನು ಭಾಗವತ ಎನ್ನಲು ನನಗೇನೂ ಅಡ್ಡಿಯಿಲ್ಲ. ಏಟು ಬಿತ್ತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬಣ್ಣವಿಲ್ಲದೆ, ರಂಗವಿಲ್ಲದೆ ಮಾತಿನಲ್ಲೇ ಆಡುವ ಬಯಲಾಟ.

ಮಾಮು, ಇದರಲ್ಲಿ ಮೊದಲು ಎಲ್ಲ ಆಯುಧಕ್ಕೂ ಒಂದೇ ದಾಳ ಇತ್ತಂತೆ ಎಂದ ಹುಡುಗ. ವಿಚಾರಿಸಿ ನೋಡಿದರೆ ಹೌದು. 1974ರ ನಿಯಮದಲ್ಲಿ ಚಾಕುವಿನ ಏಟಾದರೂ ಸರಿ, ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಖಡ್ಗದ ಏಟಾದರೂ ಸರಿ, ಆಗುವ ಹಾನಿಗೆ ಆರು ಮುಖದ ಒಂದೇ ದಾಳ. ಆಯುಧದ ನಿಜಕ್ಕೆ ಇದು ದ್ರೋಹ. ಆದರೆ ಚಾಕು ಮಾತ್ರ ಹಿಡಿಯಬಲ್ಲ ಬಡಪಾಯಿ ಪಾತ್ರಕ್ಕೆ ದೊಡ್ಡ ನ್ಯಾಯ. ಮರುವರ್ಷವೇ ಹೊರಬಂದ ಪುರವಣಿಯಲ್ಲಿ ಆಯುಧಕ್ಕೊಂದು ಹಾನಿ ಗೊತ್ತುಮಾಡಿದರು. ಆಮೇಲೆ ಯಾವ ಆಯುಧ ಯಾವ ಬಗೆಯ ಕವಚದ ಮೇಲೆ ಎಷ್ಟು ಕೆಲಸ ಮಾಡುತ್ತದೆಂದು ಉದ್ದುದ್ದ ಕೋಷ್ಟಕಗಳು ಬಂದವು. ಆಡುವವರಲ್ಲಿ ಬಹಳ ಮಂದಿ ಆ ಕೋಷ್ಟಕಗಳನ್ನು ಪಕ್ಕಕ್ಕಿಟ್ಟೇ ಆಡಿದರು. 1978ರಲ್ಲಿ ಬಂದ ‘ರೂನ್‌ಕ್ವೆಸ್ಟ್’ ಎಂಬ ಇನ್ನೊಂದು ಆಟ, ಏಟು ಕೈಗೆ ಬಿತ್ತೋ ಕಾಲಿಗೆ ಬಿತ್ತೋ ತಲೆಗೆ ಬಿತ್ತೋ ಎಂದು ಲೆಕ್ಕ ಇಡಿಸಿತು. ಅಲ್ಲಿ ಕೈ ಕಳೆದುಕೊಂಡ ಪಾತ್ರ ಕೈ ಕಳೆದುಕೊಂಡೇ ಮುಂದೆ ಬಾಳಬೇಕಾಗಬಹುದು. ಮೊದಲ ಆಟದಲ್ಲಾದರೋ ವೀರನಿಗೆ ಜೀವದ ಅಂಕಗಳಿರುತ್ತವೆ. ಅಂಕ ಪೂರ್ತಿ ತೀರುವವರೆಗೆ ಅವನು ಏನೂ ಆಗದವನ ಹಾಗೆ ಕತ್ತಿ ಬೀಸುತ್ತಲೇ ಇರುತ್ತಾನೆ. ಇದೆಂಥ ವಿಚಿತ್ರವೆಂದು ಜನ ಕೇಳಿದಾಗ, ಆ ಅಂಕಗಳೆಂದರೆ ಬರೀ ಮಾಂಸ ರಕ್ತವಲ್ಲ, ಅದೃಷ್ಟ, ಚಳಕ, ಅನುಭವಗಳೂ ಅದರಲ್ಲಿ ಸೇರಿವೆ ಎಂದು ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ ವಿವರಣೆ ಕೊಟ್ಟ. ಓದಿದಾಗ ನನಗೆ ಮೂಡಲಪಾಯದ ಪದಗಳು ನೆನಪಾದವು. ನಮ್ಮ ವೀರನಿಗೂ ಜೀವದ ಅಂಕಗಳಿವೆ, ಅವನ ಪಾಲಿನ ಪದಗಳೇ ಆ ಅಂಕಗಳು. ಪದ ತೀರುವವರೆಗೆ ಅವನಿಗೆ ಸಾವಿಲ್ಲ.

ಅಕ್ಕನ ಮಗನ ದಾಳದ ಆಟ ನಮ್ಮ ಊರುಗಳಿಗೆ ಬರುವುದು ದೂರದ ಮಾತು. ಇಲ್ಲಿಗೆ ಬಂದಿರುವುದು ಮೊಬೈಲಿನದು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಗೆ ನಿಷೇಧ ಬಿತ್ತು, ಮರುವರ್ಷ ಬೇರೆ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ತೆಗೆದರು, 2023ರಲ್ಲಿ ಮತ್ತೆ ಬಿಟ್ಟರು. ತೆಂಗಿನ ಮರದ ನೆರಳಲ್ಲಿ ನಾಲ್ಕು ಹುಡುಗರು ತಲೆ ತಗ್ಗಿಸಿ ಕೂತಿದ್ದರೆ ಅವರು ಯಾವುದೋ ದ್ವೀಪದಲ್ಲಿ ಬಂದೂಕು ಹಿಡಿದು ಓಡುತ್ತಿರಬಹುದು. ಅದರಲ್ಲಿ ಬಂದೂಕು ಹಿಮ್ಮೆಟ್ಟುವ ರೀತಿ, ದೂರಕ್ಕೆ ಹೋದಂತೆ ಗುಂಡು ಕೆಳಗೆ ಬಾಗುವ ಲೆಕ್ಕ, ಎಲ್ಲವನ್ನೂ ಬಹಳ ಶ್ರದ್ಧೆಯಿಂದ ಮಾಡಿದ್ದಾರೆ. ಭಾರತದ ಆವೃತ್ತಿಯಲ್ಲಿ ರಕ್ತದ ಬಣ್ಣ ಮಾತ್ರ ಹಸಿರು! ಗುಂಡಿನ ಭೌತಶಾಸ್ತ್ರ ನಿಜ, ಗಾಯ ಸುಳ್ಳು. ಮಕ್ಕಳಿಗೆ ಹಿಂಸೆ ಕಾಣಬಾರದೆಂದು ಹೀಗೆ ಮಾಡಿದ್ದಾರೆಂದು ಭಾವಿಸೋಣ. ಆದರೆ ನನ್ನ ತಕರಾರು ರಕ್ತದ ಬಣ್ಣದ್ದಲ್ಲ. ಸತ್ತವನಿಗೆ ಅ‌ಲ್ಲಿ ರಜಜ್ ಇಲ್ಲ, ಪದವಿಲ್ಲ, ಅಳುವವರಿಲ್ಲ. ನೂರು ಜನ ಇಳಿಯುತ್ತಾರೆ, ಎಲ್ಲರಿಗೂ ಸಮಾನ ಅವಕಾಶ, ಬರಿಗೈಯಲ್ಲೇ ಆರಂಭ. ನಿಯಮದ ದೃಷ್ಟಿಯಿಂದ ಇಷ್ಟು ನ್ಯಾಯವಾದ ಆಟ ಇನ್ನೊಂದಿಲ್ಲವೆನ್ನಬಹುದು. ಮನುಷ್ಯರ ದೃಷ್ಟಿಯಿಂದ ಅಲ್ಲಿ ಯಾರೂ ಇಲ್ಲ.

ಸಿನಿಮಾದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. 1995ರ ‘ಓಂ’ ಚಿತ್ರದಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಲಾಂಗಿಗೆ ಅಲ್ಲಿ ಒಂದು ಭಯವಿತ್ತು, ಬೆಲೆಯೂ ಇತ್ತು. ಅದರ ಹಿಂದೆ ಬಂದ ಲಾಂಗು ಮಚ್ಚುಗಳ ಸಾಲಿನಲ್ಲಿ ಆ ಭಯ ತೀರಿಹೋಗಿ ಹೊಳಪು ಮಾತ್ರ ಉಳಿಯಿತು. ಒಬ್ಬ ನಾಯಕ ನೂರು ಜನರನ್ನು ಕೆಡವುವುದನ್ನು ಈಗ ಯಾರೂ ಅಸಹಜವೆಂದು ಕೂಡ ಹೇಳುವುದಿಲ್ಲ.

ಆ ನೂರು ಜನ ಯಾರು? ಕಥೆ ಬರೆಯುವವನಾಗಿ ನನಗೆ ಈ ಪ್ರಶ್ನೆ ಬಹಳ ದಿನಗಳಿಂದ ಕಾಡಿದೆ. ಐತಿಹಾಸಿಕ ನಾಟಕಗಳಲ್ಲಿ, ಸಿನಿಮಾಗಳಲ್ಲಿ ಹಸಿರು ಬಾವುಟ ಹಿಡಿದು ಬರುವ, ಕಣ್ಣಿಗೆ ಕಾಡಿಗೆ ಹಚ್ಚಿದ, ಗಡ್ಡದ ಸಿಪಾಯಿಗಳು ಗುಂಪಾಗಿ ಬಂದು ಗುಂಪಾಗಿ ಬೀಳುತ್ತಾರೆ. ಅವರಿಗೆ ಹೆಸರಿಲ್ಲ, ತಾಯಿಯಿಲ್ಲ, ಒಂದು ಪದವೂ ಇಲ್ಲ. ಅವರ ಕತ್ತಿ ಎಂದೂ ಎದುರಾಳಿಯನ್ನು ಮುಟ್ಟುವುದಿಲ್ಲ. ಕೂತು ನೋಡುವ ಮುಸ್ಲಿಂ ಹುಡುಗನಿಗೆ ತಾನು ಯಾರ ಕಡೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಬೀಳುವವರ ವೇಷವೇ ಹೇಳುತ್ತದೆ. ಇದನ್ನು ಹೇಳುವಾಗ ನಮ್ಮ ಕಪಾಟನ್ನೂ ತೆರೆದು ನೋಡಬೇಕು. ಉರ್ದು ಬಲ್ಲ ಮನೆಗಳಲ್ಲಿ ನಸೀಂ ಹಿಜಾಜಿಯ ಐತಿಹಾಸಿಕ ಕಾದಂಬರಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ನಮ್ಮ ಟಿಪ್ಪುವಿನ ಕಾಲವನ್ನು ಕುರಿತ ‘ಔರ್ ತಲವಾರ್ ಟೂಟ್ ಗಯೀ’ ಕೂಡ ಅವರದೇ. ಅವರ ಯುವ ವೀರರು ಕುದುರೆಯ ಮೇಲೆ ಬಂದರೆಂದರೆ ಎದುರಿನವರು ಹುಲ್ಲಿನ ಬೊಂಬೆಗಳ ಹಾಗೆ ಉರುಳುತ್ತಾರೆ. ಬಾವುಟದ ಬಣ್ಣ ಬದಲಾಯಿತು, ಅನ್ಯಾಯ ಬದಲಾಗಲಿಲ್ಲ. ಗಿರೀಶ ಕಾರ್ನಾಡರು 1997ರಲ್ಲಿ ಬಿಬಿಸಿ ರೇಡಿಯೋಗೆಂದು ಟಿಪ್ಪುವಿನ ಕನಸುಗಳನ್ನು ನಾಟಕ ಮಾಡಿದಾಗ ಈ ತೊಡಕಿನಿಂದ ಪಾರಾಗಲು ಮಾಧ್ಯಮವೇ ನೆರವಾಗಿರಬೇಕು. ರೇಡಿಯೋದಲ್ಲಿ ಕತ್ತಿ ಕಾಣುವುದಿಲ್ಲ, ಮನುಷ್ಯನ ದನಿ ಕೇಳುತ್ತದೆ.

ಎದುರಾಳಿಯನ್ನು ಸಣ್ಣದು ಮಾಡಿದ ಕಾಳಗ ಗೆದ್ದವನನ್ನೂ ಸಣ್ಣದು ಮಾಡುತ್ತದೆ ಎಂಬುದು ಹಳ್ಳಿಯ ಮೇಷ್ಟ್ರಿಗೆ ಗೊತ್ತಿತ್ತು. ಕರ್ಣನ ಪಾತ್ರಕ್ಕೆ ಒಳ್ಳೆಯ ಕಂಠದವನನ್ನೇ ಹುಡುಕುತ್ತಿದ್ದದ್ದು ಅದಕ್ಕೇ. ಇತ್ತೀಚಿನ ವರ್ಷಗಳಲ್ಲಿ ನಾನು ನೋಡಿದ ಪ್ರಯೋಗಗಳಲ್ಲಿ ಈ ತಿಳಿವು ಸಡಿಲವಾಗುತ್ತಿದೆ. ಬೆಂಡು ರಟ್ಟಿನ ಗದೆಯ ಜಾಗಕ್ಕೆ ಫೈಬರ್ ಗದೆ ಬಂದಿದೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಹೊಗೆ ಬಿಡುವ ಯಂತ್ರ ಬಂದಿದೆ, ಏಟಿಗೊಂದು ಸಿನಿಮಾ ಸದ್ದು ಸ್ಪೀಕರಿನಿಂದ ಬರುತ್ತದೆ, ಗದೆ ತಾಗುವುದಕ್ಕೆ ಅರ್ಧ ಕ್ಷಣ ಮುಂಚೆಯೇ ಬರುತ್ತದೆ ಎನ್ನುವುದು ಬೇರೆ ಮಾತು. ಒಂದೆರಡು ಕಡೆ ನಿಜವಾದ ಕಬ್ಬಿಣದ ಕತ್ತಿಯನ್ನೇ ಹಿಡಿದದ್ದನ್ನು ನೋಡಿದೆ. ಆಗ ಪಾತ್ರಧಾರಿಗಳಿಬ್ಬರೂ ಅಂಜಿ ಅಂಜಿ ಒಬ್ಬರಿಂದೊಬ್ಬರು ಮಾರು ದೂರ ನಿಂತು ಕತ್ತಿ ಬೀಸಿದರು. ಮರದ ಕತ್ತಿಯಾಗಿದ್ದರೆ ಮೈಗೆ ಮೈ ತಾಗಿಸಿ ಕಾದಾಡುತ್ತಿದ್ದರು. ಕಬ್ಬಿಣ ನಿಜವಾದಷ್ಟೂ ಕಾಳಗ ಸುಳ್ಳಾಯಿತು.

ಇದಕ್ಕಿಂತ ದೊಡ್ಡ ನಷ್ಟ ಆಗುತ್ತಿರುವುದು ಗದಾಯುದ್ಧದ ಕೊನೆಯಲ್ಲಿ. ಕೃಷ್ಣ ತೊಡೆ ತಟ್ಟಿ ಸನ್ನೆ ಮಾಡುತ್ತಾನೆ, ಭೀಮ ಹೊಡೆಯುತ್ತಾನೆ, ದುರ್ಯೋಧನ ಬೀಳುತ್ತಾನೆ, ಶಿಳ್ಳೆ ಬೀಳುತ್ತದೆ, ಮಂಗಳ ಹಾಡಿಬಿಡುತ್ತಾರೆ. ಆ ಏಟು ತಪ್ಪು ಎಂದು ಹೇಳುವವರೇ ರಂಗಕ್ಕೆ ಬರುವುದಿಲ್ಲ. ಇಬ್ಬರಿಗೂ ಗುರುವಾದ ಬಲರಾಮ ನೇಗಿಲೆತ್ತಿಕೊಂಡು ಭೀಮನ ಮೇಲೆ ಏರಿಹೋಗುವ ದೃಶ್ಯ ಇದೆಯಲ್ಲ, ಅದನ್ನು ಬಿಟ್ಟುಬಿಡುತ್ತಾರೆ. ಬಿದ್ದ ದುರ್ಯೋಧನ ಕೃಷ್ಣನನ್ನು ಹಿಡಿದು ಭೀಷ್ಮ, ದ್ರೋಣ, ಕರ್ಣ, ಭೂರಿಶ್ರವರ ಲೆಕ್ಕ ಕೇಳುವುದನ್ನೂ, ಕೃಷ್ಣ ಅದಕ್ಕೆ ಅಭಿಮನ್ಯುವಿನ ಲೆಕ್ಕ ಕೊಡುವುದನ್ನೂ ಬಿಟ್ಟುಬಿಡುತ್ತಾರೆ. ಎಷ್ಟೋ ಮಕ್ಕಳು ನಾಟಕ ನೋಡಿ ಎದ್ದು ಹೋಗುವಾಗ ತೊಡೆಗೆ ಹೊಡೆದದ್ದೇ ಭೀಮನ ಜಾಣತನವೆಂದು ತಿಳಿದುಕೊಂಡು ಹೋಗುತ್ತಾರೆ.

ಕೇಳಿದರೆ ಮೇಷ್ಟ್ರುಗಳು ಹೊತ್ತಾಯಿತು, ಬೆಳಕು ಹರಿಯಿತು ಎನ್ನುತ್ತಾರೆ. ಹೊತ್ತು ಎಲ್ಲಿ ಹೋಯಿತೆಂದು ನೋಡಿದವರಿಗೆ ಗೊತ್ತು. ಪ್ರತಿಯೊಂದು ಪಾತ್ರದ ಪ್ರವೇಶಕ್ಕೂ ನಾಟಕ ನಿಲ್ಲುತ್ತದೆ. ಭಾವ, ಭಾಮೈದ, ಸೊಸೈಟಿ ನಿರ್ದೇಶಕರು, ಪಂಚಾಯಿತಿ ಸದಸ್ಯರು ಸಾಲಾಗಿ ರಂಗ ಹತ್ತಿ ಹಾರ ಹಾಕುತ್ತಾರೆ, ನೋಟು ಸಿಕ್ಕಿಸುತ್ತಾರೆ, ಮೈಕಿನಲ್ಲಿ ಅವರ ಹೆಸರು ಹೇಳಬೇಕು, ಫೋಟೋ ತೆಗೆಯಬೇಕು. ಕೃಷ್ಣನ ಪ್ರವೇಶಕ್ಕೇ ಅರ್ಧ ಗಂಟೆ. ವ್ಯಾಸಭಾರತದಲ್ಲಿ ದುರ್ಯೋಧನನ ಮೇಲೆ ಆಕಾಶದಿಂದ ಹೂಮಳೆ ಸುರಿಯುತ್ತದೆ, ಪಾಂಡವರು ನಾಚಿ ತಲೆ ತಗ್ಗಿಸುತ್ತಾರೆ. ಅದು ಸುರಿಯುವುದು ಅವನು ಸಭೆಗೆ ಬಂದಾಗಲಲ್ಲ, ತೊಡೆ ಮುರಿದು ನೆಲದ ಮೇಲೆ ಬಿದ್ದು ಆ ಕೊನೆಯ ಮಾತು ಆಡಿ ಮುಗಿಸಿದ ಮೇಲೆ. ಮುಂದಿನ ಜಾತ್ರೆಗೆ ಯಾವುದಾದರೂ ಊರಿನವರು ಹಾರಗಳನ್ನೆಲ್ಲ ಕಟ್ಟಿಟ್ಟುಕೊಂಡು ಬೆಳಗಿನ ಐದು ಗಂಟೆಯವರೆಗೆ ಕಾಯುವುದಾದರೆ ಬಲರಾಮನಿಗೂ ಸಮಯ ಸಿಗುತ್ತದೆ, ಎರಡನೇ ದುರ್ಯೋಧನನಿಗೂ ಕೊಟ್ಟ ದುಡ್ಡಿನ ಪೂರ್ತಿ ಪಾಲು ಸಿಗುತ್ತದೆ.